ಬಾಗಿಲು ಹಾಕಲಾರದ ಬನ್ನಣ್ಣ

ಬೇಕರಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹೆಂಡತಿಯೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ನೆನಪಿರಲಿಲ್ಲ. ಅವಳೂ ಸಿಟ್ಟು ಬಂದಾಗ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದಳು. ಬೀದಿಗೆಲ್ಲ ಅವನು ಬನ್ನಣ್ಣ. ದುಂಡು ಮುಖ, ಒಲೆಯ ಮುಂದೆ ನಿಂತು ನಿಂತು ಏರಿದ ಕೆಂಬಣ್ಣ, ನೆತ್ತಿಯ ಮೇಲೆ ಸದಾ ಉದುರಿಕೊಂಡಿರುವ ಹಿಟ್ಟು. ನೋಡಿದವರಿಗೆ ಬೇರೆ ಹೆಸರು ಹೊಳೆಯುವುದೇ ಕಷ್ಟವಿತ್ತು.

ಬನ್ನಣ್ಣನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ. ಇದ್ದದ್ದು ಒಂದೇ ಚಟ: ಅವನಿಗೆ ಅಂಗಡಿ ಮುಚ್ಚಲು ಬರುತ್ತಿರಲಿಲ್ಲ. ಸಂಜೆ ಶಟರ್ ಅರ್ಧ ಎಳೆದು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣು ಹಾಯಿಸುವನು. ದೂರದಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ನಡೆಯುತ್ತಿದ್ದರೆ ಸಾಕು, "ಬನ್ನಿ, ಬನ್ನಿ, ಇನ್ನೂ ಮುಚ್ಚಿಲ್ಲ" ಎಂದು ಶಟರನ್ನು ಮತ್ತೆ ಮೇಲಕ್ಕೆ ತಳ್ಳುವನು. ಅವರು ಬ್ರೆಡ್ಡಿಗೆ ಬಂದವರೇ ಅಲ್ಲ, ಬಸ್ಸು ಹಿಡಿಯಲು ಓಡುತ್ತಿದ್ದವರು ಎಂದು ಗೊತ್ತಾದಾಗಲೂ ಅವನಿಗೆ ಬೇಸರವಿಲ್ಲ. ಒಳಗೆ ನಾಳೆಗೆ ಹಿಟ್ಟು ನಾದುತ್ತಿದ್ದ ಹೆಂಡತಿ, "ನೀವು ಹೀಗೇ ನಿಂತಿರಿ, ಹಿಟ್ಟು ಉಬ್ಬಿ ನಿಮ್ಮನ್ನ ಊಟಕ್ಕೆ ಕರೆಯುತ್ತೆ" ಎನ್ನುವಳು.

ಇಂಥವನನ್ನು ಕರೆದು ಮೇಷ್ಟ್ರು ಕೋಟೆಯ ಬಾಗಿಲು ಕಾಯಲು ನಿಲ್ಲಿಸಿದರು.

ಮೇಷ್ಟ್ರು ಅಂದರೆ ಅದೇ ಬೀದಿಯ ನಿವೃತ್ತ ಲೆಕ್ಕದ ಮೇಷ್ಟ್ರು. ಜೀವಮಾನವೆಲ್ಲ ಮಕ್ಕಳಿಗೆ ತ್ರಿಕೋನ ಬರೆಸಿ, ನಿವೃತ್ತರಾದ ಮೇಲೆ ಒಂದು ದುರಂತ ನಾಟಕ ಬರೆದಿದ್ದರು. ಅದಕ್ಕೆ ಅವರಿಟ್ಟ ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಸುವಂಥದ್ದಲ್ಲ. ಹಾಗಾಗಿ ಎಲ್ಲರೂ 'ಬಾಗಿಲು ನಾಟಕ' ಎನ್ನುತ್ತಿದ್ದರು. ಕಥೆ ಇಷ್ಟೇ. ಕೋಟೆಯೊಳಗೆ ಒಬ್ಬ ಹುಡುಗಿ, ಹೊರಗೆ ಒಬ್ಬ ಹುಡುಗ. ಅವಳಪ್ಪ ಬೇರೆ ಕಡೆ ಮದುವೆ ಗೊತ್ತು ಮಾಡಿದ್ದಾನೆ. ಕತ್ತಲಾಗುವ ಮೊದಲು ಕೋಟೆ ದಾಟಿ ಬರುತ್ತೇನೆಂದು ಅವಳು ಮಾತು ಕೊಟ್ಟಿದ್ದಾಳೆ. ಅಪ್ಪ ಏನೇನೋ ಕೆಲಸ ಹೇಳಿ ತಡಮಾಡಿಸುತ್ತಾನೆ. ಅವಳು ಓಡೋಡಿ ಬರುವಷ್ಟರಲ್ಲಿ ಕಾವಲುಗಾರ ಬಾಗಿಲು ಹಾಕಿಬಿಡುತ್ತಾನೆ. ಬೆಳಗಾಗುವವರೆಗೆ ತೆಗೆಯಬಾರದೆಂದು ರಾಜನ ಆಜ್ಞೆ. ಹುಡುಗಿ ಕೈಕೊಟ್ಟಳೆಂದು ತಿಳಿದು ಹುಡುಗ ಹೊರಗೆ ಕಂದಕಕ್ಕೆ ಹಾರುತ್ತಾನೆ. ಆ ಸದ್ದು ಕೇಳಿದ ಹುಡುಗಿ ಗೋಡೆ ಹತ್ತಿ ಅದೇ ಕಂದಕಕ್ಕೆ ಹಾರುತ್ತಾಳೆ. ತೆರೆ ಬೀಳುತ್ತದೆ.

ಕಾವಲುಗಾರನಿಗೆ ಇದ್ದದ್ದು ಒಂದೇ ಮಾತು: "ಹೊತ್ತು ಮುಳುಗಿತು. ಇನ್ನು ಬಾಗಿಲು ತೆಗೆಯುವುದು ಬೆಳಗ್ಗೆಯೇ." ಆದರೆ ಪಾತ್ರಕ್ಕೆ ತೋಳಿನ ಬಲ ಬೇಕಿತ್ತು. ಹುಡುಗಿಯ ಅಪ್ಪನ ಪಾತ್ರ ಹಾಕಿದ ಬಡಗಿ, ತನ್ನ ಕೈಚಳಕ ತೋರಿಸುವ ಹುಮ್ಮಸ್ಸಿನಲ್ಲಿ ನಿಜವಾದ ಕೋಟೆಗೂ ಜಾಸ್ತಿಯಾಗುವಂಥ ಬಾಗಿಲು ಮಾಡಿಟ್ಟಿದ್ದ. ಅದನ್ನು ಒಬ್ಬನೇ ದೂಡುವ ತೋಳು ಬೀದಿಯಲ್ಲಿ ಬನ್ನಣ್ಣನದು ಮಾತ್ರ.

ಸುದ್ದಿ ಕೇಳಿ ಹೆಂಡತಿ ನಾದುವುದನ್ನು ನಿಲ್ಲಿಸಿ ನಕ್ಕಳು. "ಶಟರ್ ಎಳೆಯೋಕೆ ಬಾರದವರು ಕೋಟೆ ಬಾಗಿಲು ಹಾಕ್ತಾರಂತೆ!"

ಮೊದಲ ವರ್ಷ ಹಾಕಿಯೇ ಹಾಕಿದ. ಶಾಲೆಯ ಹಾಲ್ ತುಂಬಿತ್ತು. ಅವನಿಗೆ ಗಾಬರಿಯಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಮೇಷ್ಟ್ರು ಪಕ್ಕದಿಂದ ಕೈ ಆಡಿಸಿದ್ದೇ ತಡ, ಮಾತು ಒಪ್ಪಿಸಿ, ದಢಾರೆಂದು ಬಾಗಿಲು ದೂಡಿ, ಅಗಳಿ ಹಾಕಿ, ಮೈಮೇಲೆ ಬಿದ್ದ ಭಾರ ಇಳಿಯಿತೆಂದು ಒಳಗೆ ಹೋಗಿ ನೀರು ಕುಡಿದ. ಹೊರಗೆ ಜನ ಬಿಕ್ಕಿ ಬಿಕ್ಕಿ ಅತ್ತರು. ಮೇಷ್ಟ್ರಿಗೆ ಶಾಲು ಹೊದಿಸಿದರು.

ತೊಂದರೆ ಶುರುವಾದದ್ದು ಮರುದಿನ ಬೆಳಗ್ಗೆ. ಬೇಕರಿಯ ಎದುರಿಗೆ ಗುಂಡಿ ಅಜ್ಜಿಯ ಅಂಗಡಿ. ಅಂಗಿಯ ಗುಂಡಿ, ನೂಲು, ಹುಕ್ಕು, ಇಷ್ಟೇ ಮಾರುವ ಗೂಡಿನಂಥ ಅಂಗಡಿ. ಹೊಸಬರು ಆ ಹೆಸರು ಕೇಳಿ ಅಜ್ಜಿ ಎಲ್ಲೋ ಗುಂಡಿಗೆ ಬಿದ್ದಿದ್ದಳೇನೋ ಅಂದುಕೊಳ್ಳುತ್ತಿದ್ದರು. ಕೋಲಿನಂಥ ಮೈ, ಸೂಜಿಯಂಥ ನಾಲಿಗೆ. ಅವಳು ನೇರ ಬಂದು ಬನ್ನಣ್ಣನ ಮುಂದೆ ನಿಂತಳು.

"ಆ ಹುಡುಗಿ 'ತಡೀರಿ, ತಡೀರಿ' ಅಂತ ಕೂಗ್ತಾ ಬರೋದು ನಿನಗೆ ಕೇಳಿಸಲಿಲ್ವಾ?"

"ಕೇಳಿಸ್ತು ಅಜ್ಜಿ. ಆದರೆ ಮೇಷ್ಟ್ರು ಹಾಕು ಅಂದ್ರು."

"ಮೇಷ್ಟ್ರು ಬಾವಿಗೆ ಬೀಳು ಅಂದ್ರೆ ಬೀಳ್ತೀಯಾ? ಎರಡು ಎಳೇ ಜೀವ ತೆಗೆದೆಯಲ್ಲೋ ಪಾಪಿ!"

ಅಷ್ಟೇ. ಅಂದಿನಿಂದ ಅಜ್ಜಿ ಅವನ ಜೊತೆ ಮಾತು ಬಿಟ್ಟಳು. ಬ್ರೆಡ್ಡು ಬಿಡಲಿಲ್ಲ, ಅದು ಹಲ್ಲಿಲ್ಲದ ಬಾಯಿಗೆ ಬೇಕೇ ಬೇಕು. ಆದರೆ ಕೇಳುವುದು ಹೆಂಡತಿಯನ್ನು. ಬನ್ನಣ್ಣ ಎದುರಿಗೇ ಬ್ರೆಡ್ಡು ಹಿಡಿದು ನಿಂತಿದ್ದರೂ ಅವನು ಗಾಜಿನ ಬೀರುವೇನೋ ಎಂಬಂತೆ ಅವನ ಆಚೆಗೆ ನೋಡಿ, "ಏನಮ್ಮಾ, ಬ್ರೆಡ್ಡು ಇದೆಯಾ?" ಎನ್ನುವಳು.

ಹಿಟ್ಟಿನಂತೆ ಮೆತ್ತಗಿನ ಮನಸ್ಸು ಬನ್ನಣ್ಣನದು, ಒಮ್ಮೆ ಬೆರಳೊತ್ತಿದರೆ ಗುರುತು ಉಳಿಯುತ್ತಿತ್ತು. ಅವನು ನಾಟಕದ ಬಗ್ಗೆ ಯೋಚಿಸಲು ಶುರುಮಾಡಿದ. ಸಾಯಂಕಾಲ ಚಹಾಕ್ಕೆ ಬಂದು ರಸ್ಕು ಅದ್ದುತ್ತಿದ್ದ ಮೇಷ್ಟ್ರನ್ನು ಹಿಡಿದು ಕೇಳಿದ.

"ಮೇಷ್ಟ್ರೇ, ಅವರು ಸತ್ತಿದ್ದಕ್ಕೆ ಯಾರು ಕಾರಣ?"

"ವಿಧಿ ಕಣಯ್ಯ, ವಿಧಿ," ಎಂದರು ಮೇಷ್ಟ್ರು, ರಸ್ಕು ಚಹಾದೊಳಗೆ ಮುರಿದುಬಿದ್ದದ್ದನ್ನು ಚಮಚದಿಂದ ಹುಡುಕುತ್ತ. "ನಾಟಕದ ಸಾರವೇ ಅದು. ಯಾರು ಏನು ಮಾಡಿದರೂ ತಪ್ಪುತ್ತಿರಲಿಲ್ಲ."

"ಆದರೆ ಬಾಗಿಲು ಹಾಕಿದ್ದು ವಿಧಿಯಲ್ಲವಲ್ಲ, ನಾನು. ವಿಧಿಗೆ ರಾಜ ಸಂಬಳ ಕೊಡ್ತಾನಾ? ಕಾವಲುಗಾರನಿಗೆ ಕೊಡ್ತಾನೆ."

"ನೀನು ಬರೀ ನೆಪ. ಹಾಗೆ ಆಗಬೇಕು ಅಂತ ಬರೆದಿತ್ತು."

"ಬರೆದವರು ನೀವೇ ಅಲ್ವಾ?"

ಮೇಷ್ಟ್ರು ಚಹಾ ಬಿಟ್ಟು ಎದ್ದರು. ಲೆಕ್ಕ ಹೇಳಿಕೊಡುವಾಗ ಯಾವ ಹುಡುಗನೂ ಅವರನ್ನು ಹೀಗೆ ಮೂಲೆಗೆ ತಳ್ಳಿರಲಿಲ್ಲ.

ಆಮೇಲೆ ಬೇಕರಿಯಲ್ಲಿ ದಿನಾ ಅದೇ ವಿಚಾರಣೆ. ಬಡಗಿ, ತಾನು ಆಡಿದ ಅಪ್ಪನ ಮೇಲೆ ಮಾತು ಬಾರದಿರಲೆಂದು, ದೊಡ್ಡ ಬಾಗಿಲಲ್ಲೇ ಒಬ್ಬರು ನುಸುಳುವಷ್ಟು ಚಿಕ್ಕದೊಂದು ದಿಡ್ಡಿ ಬಾಗಿಲು ಇಟ್ಟಿದ್ದರೆ ಯಾರೂ ಸಾಯುತ್ತಿರಲಿಲ್ಲ, ಮೇಷ್ಟ್ರು ಬೇಡವೆಂದದ್ದೇ ತಪ್ಪು ಎಂದ. ಬನ್ನಣ್ಣನ ಹೆಂಡತಿ ಎಲ್ಲರನ್ನೂ ಬಿಟ್ಟು ಹುಡುಗನನ್ನು ಹಿಡಿದಳು. "ಅವನಿಗೆ ಒಂದು ರಾತ್ರಿ ಕಾಯೋಕೆ ಆಗಲಿಲ್ವಾ? ಹಿಟ್ಟು ಉಬ್ಬೋಕೇ ನಾವು ಅಷ್ಟು ಹೊತ್ತು ಕಾಯ್ತೀವಿ. ಬೆಳಗ್ಗೆ ಬಾಗಿಲು ತೆಗೆದ ಮೇಲೆ ಕೇಳಬಹುದಿತ್ತು, ಯಾಕಮ್ಮಾ ಬರಲಿಲ್ಲ ಅಂತ. ಕಾಯೋಕೆ ಆಗದವನು ನಾಳೆ ಸಂಸಾರ ಹೇಗೆ ಮಾಡ್ತಿದ್ದ?"

ಹುಡುಗನ ಪಾತ್ರ ಮಾಡಿದ್ದು ಮೂಲೆಯಂಗಡಿಯ ಮೊಬೈಲ್ ರಿಪೇರಿಯವನು. ಹುಡುಗಿಯಾದವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವವಳು. ವೇದಿಕೆಯ ಮೇಲೆ ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಡುತ್ತಿದ್ದ ಅವರಿಬ್ಬರಿಗೆ ಕೆಳಗೆ ಒಬ್ಬರ ಮುಖ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಅವಳ ಮೊಬೈಲನ್ನು ರಿಪೇರಿಗೆ ತೆಗೆದುಕೊಂಡು ಇದ್ದ ಫೋಟೋಗಳನ್ನೆಲ್ಲ ಅಳಿಸಿಬಿಟ್ಟಿದ್ದ ಮಹಾನುಭಾವ ಅವನು. ತಾಲೀಮಿನಲ್ಲಿ ಅವನು "ನೀನಿಲ್ಲದೆ ನಾನಿಲ್ಲ" ಎಂದರೆ ಅವಳು "ಸಂತೋಷ" ಎಂದು ಗೊಣಗುತ್ತಿದ್ದಳು.

ಮರುವರ್ಷ ಮತ್ತೆ ಅದೇ ನಾಟಕ, ಅದೇ ಹಾಲ್. ಈ ಸಲ ಬನ್ನಣ್ಣನಿಗೆ ಗಾಬರಿ ಇರಲಿಲ್ಲ, ಅದೇ ಕೆಟ್ಟದ್ದಾಯಿತು. ಮೊದಲ ಸಾಲಿನಲ್ಲಿ ಕರ್ಚೀಫು ಹಿಡಿದು ಕೂತ ಗುಂಡಿ ಅಜ್ಜಿ ಕಂಡಳು. ಬಡಗಿ ಮಗಳನ್ನು ಇಲ್ಲದ ಕೆಲಸಕ್ಕೆಲ್ಲ ಹಚ್ಚಿ ತಡಮಾಡಿಸುತ್ತಿದ್ದದ್ದು ಕಂಡಿತು. ಮೇಷ್ಟ್ರು ಕೈ ಆಡಿಸಿದರು. ಬನ್ನಣ್ಣ ತನ್ನ ಒಂದೇ ಮಾತನ್ನು ಸ್ಪಷ್ಟವಾಗಿ ಹೇಳಿ, ಬಾಗಿಲಿಗೆ ಭುಜ ಕೊಟ್ಟ. ಅದು ಅರ್ಧ ಬಂದಿತ್ತು. ಆಗ ಹಿಂದಿನಿಂದ ಕಾಲಿನ ಸದ್ದು, "ತಡೀರಿ! ತಡೀರಿ!" ಎಂಬ ಕೂಗು.

ಅವನು ಬೇಕೆಂದು ಮಾಡಿದ್ದಲ್ಲ. ಆಮೇಲೆ ಎಷ್ಟು ಜನ ಕೇಳಿದರೂ ಅದನ್ನೇ ಹೇಳಿದ. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು:

"ಬನ್ನಿ, ಬನ್ನಿ, ಇನ್ನೂ ಮುಚ್ಚಿಲ್ಲ!"

ಬಾಗಿಲು ಹಿಂದಕ್ಕೆ ಸರಿಯಿತು. ಓಡಿಬಂದ ಹುಡುಗಿ ಮುಚ್ಚಿದ ಬಾಗಿಲಿಗೆ ಬಡಿಯಲು ಎತ್ತಿದ ಎರಡೂ ಕೈಗಳ ಸಮೇತ ಆ ವೇಗಕ್ಕೆ ಹೊರಗೆ ಬಂದು ಬಿದ್ದಳು. ಬಿದ್ದದ್ದು ಸರಿಯಾಗಿ ಪ್ರಿಯಕರನ ಪಕ್ಕಕ್ಕೆ. ಅವನು ಆಗಷ್ಟೇ ಕಂದಕದ ದಂಡೆಯ ಮೇಲೆ ಕೂತು, ಜನರ ಕಡೆ ಮುಖಮಾಡಿ, "ಅವಳು ಬರಲಿಲ್ಲ, ಇನ್ನು ಬರುವುದೂ ಇಲ್ಲ" ಎಂದು ಶುರುಮಾಡಿದ್ದ.

ಹುಡುಗ ಮೆಲ್ಲಗೆ ತಿರುಗಿದ.

"ನೀನ್ಯಾಕೆ ಬಂದೆ?"

"ಬಾ ಅಂದವನು ನೀನೇ ಅಲ್ವಾ?" ಎಂದಳು ಹುಡುಗಿ, ಮೊಣಕಾಲು ಉಜ್ಜಿಕೊಳ್ಳುತ್ತ.

ಎಲ್ಲಿಂದಲೋ ಒಂದು ನಗು ಸಿಡಿಯಿತು. ಅದು ಸಾಲಿನಿಂದ ಸಾಲಿಗೆ ಹಾರಿತು.

"ಈಗ ಏನು ಮಾಡೋದು?" ಹುಡುಗ ತುಟಿಯ ಸಂದಿಯಿಂದ ಕೇಳಿದ.

"ಓಡಿಹೋಗೋದು. ಏಳು."

ಆದರೆ ಮೊಬೈಲ್ ರಿಪೇರಿಯವನಿಗೆ ಎದ್ದು ಹೋಗುವ ಮನಸ್ಸಿರಲಿಲ್ಲ. ಅವನು ಸಾಯುವುದನ್ನು ನೋಡಲೆಂದೇ ಅವನ ಅತ್ತೆ, ಚಿಕ್ಕಪ್ಪ, ಅಕ್ಕಂದಿರು ಊರಾಚೆಯಿಂದ ಬಂದು ಎರಡನೇ ಸಾಲು ತುಂಬಿದ್ದರು. ಸಾವಿನ ಮಾತು ನಾಟಕದಲ್ಲೇ ಉದ್ದದ್ದು, ಬಾಯಿಪಾಠ ಮಾಡಲು ಬಹಳ ಕಷ್ಟಪಟ್ಟಿದ್ದ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಿಂತಿರುವಾಗಲೇ ಅವನು, "ನನ್ನನ್ನು ಮರೆತ ನಿನ್ನ ಮುಖ ಇನ್ನೆಂದೂ ನೋಡಲಾರೆ" ಎಂಬಲ್ಲಿಂದ ಮೊದಲ್ಗೊಂಡು ಕೊನೆಯವರೆಗೆ ಒಂದಕ್ಷರ ಬಿಡದೆ ಹೇಳಿ ಕಂದಕಕ್ಕೆ ಹಾರಿಯೇಬಿಟ್ಟ.

"ಎದುರಿಗೇ ನಿಂತಿದ್ದೀನಲ್ಲೋ, ಏಳೋ ಮೇಲೆ!" ಹುಡುಗಿ ಕಂದಕದೊಳಗೆ ಬಗ್ಗಿ ಚೀರಿದಳು. ಉತ್ತರ ಬರಲಿಲ್ಲ. ಸತ್ತವನು ಉತ್ತರ ಕೊಡಬಾರದೆಂಬ ನಿಯಮಕ್ಕೆ ಅವನು ಬದ್ಧನಾಗಿದ್ದ. ಹುಡುಗಿ ಜನರ ಕಡೆ ತಿರುಗಿ, "ಇಂಥವನಿಗಾಗಿ ನಾನಂತೂ ಸಾಯಲ್ಲ" ಎಂದು ಸಾರಿ, ತೆರೆದ ಬಾಗಿಲಿನಿಂದ ನೆಟ್ಟಗೆ ಮನೆಗೆ ನಡೆದಳು. ದಾರಿಯಲ್ಲಿ ಕಾವಲುಗಾರನಿಗೆ, "ಈಗ ಹಾಕ್ಕೊಳ್ಳಿ" ಎಂದಳು.

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಪರದೆಯ ಮರೆಯಲ್ಲಿ ಒಂದು ಸ್ಟೂಲಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

ಮರುದಿನ ಬನ್ನಣ್ಣ ಮದುಮಗನ ಹಾಗೆ ಬೀಗುತ್ತಿದ್ದ. ಬಂದವರೆಲ್ಲ ಬೆನ್ನು ತಟ್ಟಿದರು. ಮೇಷ್ಟ್ರು ಮಾತ್ರ ಚಹಾಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಬಡಗಿಯ ಹತ್ತಿರ, "ನೋಡಿದೆಯಾ? ಬಾಗಿಲು ತೆಗೆದರೂ ಹುಡುಗ ಸತ್ತ. ವಿಧಿ ಅಂದರೆ ಅದು" ಎಂದಷ್ಟೇ ಹೇಳಿದರಂತೆ. ಅದು ಕಿವಿಗೆ ಬಿದ್ದಾಗ ಬನ್ನಣ್ಣ, "ಅದು ವಿಧಿಯಲ್ಲ, ಅವನ ಅತ್ತೆ" ಎಂದ.

ಮಧ್ಯಾಹ್ನ ಅಂಗಡಿ ಖಾಲಿಯಾಗಿದ್ದಾಗ ಗುಂಡಿ ಅಜ್ಜಿ ಬಂದಳು. ಈ ಸಲ ಹೆಂಡತಿಯ ಕಡೆ ನೋಡಲಿಲ್ಲ. ಬನ್ನಣ್ಣನನ್ನೇ ನೋಡಿದಳು. ಅವನು ಒಂದು ಕೆನೆಬನ್ನು ತಟ್ಟೆಗಿಟ್ಟು, ಹೊಗಳಿಕೆಗೆ ಮುಖ ಸಜ್ಜುಮಾಡಿಕೊಂಡು ನಿಂತ.

"ಯಾಕೋ ಹಾಗೆ ಮಾಡಿದೆ?" ಎಂದಳು ಅಜ್ಜಿ.

"ನೀವೇ ಅಲ್ವಾ ಅಜ್ಜಿ, ಕೂಗೋದು ಕೇಳಿಸಲಿಲ್ವಾ ಅಂದಿದ್ದು? ಈ ಸಲ ಕೇಳಿಸ್ತು. ಹುಡುಗಿ ಉಳಿದಳು. ಹುಡುಗ ತಾನಾಗಿ ಹಾರಿದ, ಅದಕ್ಕೆ ನಾನೇನು ಮಾಡ್ಲಿ?"

"ಎಲ್ಲರನ್ನೂ ನಗಿಸಿದೆ. ನಾನು ನಗೋಕೆ ಬಂದಿರಲಿಲ್ಲ."

ಬನ್ನಣ್ಣನ ಮುಖ ಒಲೆಯಿಂದ ಬೇಗ ತೆಗೆದ ಬ್ರೆಡ್ಡಿನ ಹಾಗೆ ಕುಸಿಯಿತು. ಹೆಂಡತಿ ಒಳಗಿನಿಂದ ಒಂದು ಸ್ಟೂಲು ತಂದು ಹಾಕಿದಳು. ಅಜ್ಜಿ ಕೂತಳು. ಸ್ವಲ್ಪ ಹೊತ್ತು ಕರ್ಚೀಫನ್ನು ಮಡಿಸಿದಳು, ಬಿಡಿಸಿದಳು.

"ನನಗೂ ಒಬ್ಬ ಇದ್ದ," ಎಂದಳು. "ನಗಬೇಡ. ನಾನೇನು ಹುಟ್ಟುವಾಗಲೇ ಅಜ್ಜಿಯಾಗಿರಲಿಲ್ಲ. ಬಾ ಅಂದಿದ್ದ. ಹೋಗಬೇಕು ಅಂತಲೇ ಇದ್ದೆ. ಯಾರೂ ತಡೀಲಿಲ್ಲ, ಯಾವ ಬಾಗಿಲೂ ಹಾಕಿರಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ ಅಂತ ನಾನೇ ತಡ ಮಾಡಿದೆ. ಹೋಗೋಷ್ಟರಲ್ಲಿ ಅವನು ಹೊರಟುಹೋಗಿದ್ದ. ಸಾಯಲಿಲ್ಲಪ್ಪ, ಅಂಥವನಲ್ಲ. ಬೇರೆ ಊರಿಗೆ ಹೋಗಿ ಚೆನ್ನಾಗೇ ಬದುಕಿದ ಅಂತ ಕೇಳಿದೆ. ಅವತ್ತಿಂದ ನನ್ನನ್ನೇ ನಾನು ಬೈಕೊಂಡು ಬಂದೆ. ಮನೇಲಿ ಅತ್ತರೆ ಯಾಕೆ ಅಂತ ಕೇಳ್ತಾರೆ. ಹೋದ ವರ್ಷ ನಾಟಕದಲ್ಲಿ ಕೂತು ಅತ್ತೆ, ಯಾರೂ ಕೇಳಲಿಲ್ಲ, ಎಲ್ಲರೂ ಅಳ್ತಾ ಇದ್ದರು. ಆಮೇಲೆ ಬಂದು ನಿನ್ನನ್ನ ಬೈದೆ. ಒಂದು ವರ್ಷಪೂರ್ತಿ ನಿನ್ನ ಮೇಲೆ ಸಿಟ್ಟಾಗಿದ್ದೆ. ಎಷ್ಟು ಹಗುರವಾಗಿತ್ತು ಗೊತ್ತಾ?"

ಬನ್ನಣ್ಣ ಬ್ರೆಡ್ಡು ಕೊಯ್ಯುವ ಚಾಕುವನ್ನು ಸುಮ್ಮನೆ ಒರೆಸಿದ. "ಹಾಗಾದರೆ ಹಾಕಬೇಕಿತ್ತಾ ಅಜ್ಜಿ?"

"ಹಾಕು. ಆದರೆ ಹೋದ ವರ್ಷ ಹಾಕಿದ ಹಾಗಲ್ಲ. ನೀನು ತಿರುಗಿ ಕೂಡ ನೋಡಲಿಲ್ಲ. ಯಾರಾದರೂ ಬರ್ತಿದ್ದಾರಾ ಅಂತ ಒಂದು ಸಲ ದಾರಿ ನೋಡಿ ಹಾಕಿದ್ದರೆ ನಾನು ಅಷ್ಟು ಬೈತಿರಲಿಲ್ಲ." ಅಜ್ಜಿ ಕೆನೆಬನ್ನನ್ನು ಕಾಗದಕ್ಕೆ ಸುತ್ತಿ ಎದ್ದಳು. "ಅಥವಾ ಇನ್ನೂ ಜಾಸ್ತಿ ಬೈತಿದ್ದೆನೋ ಏನೋ."

ಅಂದು ಸಂಜೆ ಬನ್ನಣ್ಣ ಬಿಸಿ ರಸ್ಕಿನ ಪೊಟ್ಟಣ ಹಿಡಿದು ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ.

"ಯಾರು? ಕಾವಲುಗಾರರಾ? ಬನ್ನಿ, ಬನ್ನಿ, ಇನ್ನೂ ಮುಚ್ಚಿಲ್ಲ."

"ತಪ್ಪಾಯ್ತು ಮೇಷ್ಟ್ರೇ."

"ನಿನ್ನದೇನು ತಪ್ಪು? ನಿನ್ನನ್ನ ಆ ಬಾಗಿಲಿಗೆ ನಿಲ್ಲಿಸಿದ ನನ್ನದು." ಹಾಗೆಂದ ಮೇಲೆ ಮೇಷ್ಟ್ರಿಗೇ ತಮ್ಮ ಮಾತು ಕೇಳಿಸಿತೇನೋ, ಪೇಪರು ಕೆಳಗಿಟ್ಟರು. ವರ್ಷವಿಡೀ ವಿಧಿಯ ಮೇಲೆ ಹೊರಿಸಿದ್ದನ್ನು ಅವರ ಬಾಯಿಯೇ ಬಿಟ್ಟುಕೊಟ್ಟಿತ್ತು. ಬನ್ನಣ್ಣ ಅದನ್ನು ಎತ್ತಿ ಆಡಲಿಲ್ಲ. ರಸ್ಕು ಮುಂದಕ್ಕೆ ಸರಿಸಿ, ಮುಂದಿನ ಸಲ ಬಾಗಿಲು ಹಾಕುತ್ತೇನೆ, ಆದರೆ ಹಾಕುವ ಮೊದಲು ಒಮ್ಮೆ ದಾರಿ ನೋಡಲು ಬಿಡಬೇಕು ಎಂದ.

"ನೋಡಿದರೆ ಹುಡುಗಿ ಕಾಣಿಸ್ತಾಳಲ್ಲಯ್ಯ. ಕಂಡ ಮೇಲೆ ಹಾಕಿದರೆ ನೀನು ಕಟುಕ."

"ಅವಳು ಇನ್ನೊಂದು ಚೂರು ತಡವಾಗಿ ಬರಲಿ. ನಾನು ನೋಡುವಾಗ ದಾರಿ ಖಾಲಿ ಇರಲಿ."

ಮೇಷ್ಟ್ರು ಒಂದು ರಸ್ಕು ಕಡಿದರು. ಕಡಿಯುತ್ತ ಕಿಟಕಿಯ ಆಚೆ ನೋಡಿದರು. "ಅದು ಚೆನ್ನಾಗಿದೆ," ಎಂದರು ಒಲ್ಲದ ಮನಸ್ಸಿನಿಂದ. ಆಮೇಲೆ, "ಯಾರಿಗೂ ನೀನು ಹೇಳಿದ್ದು ಅಂತ ಹೇಳಬೇಡ."

ಮುಂದಿನ ವರ್ಷ ಹಾಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅರ್ಧ ಜನ ನಗಲು ಬಂದಿದ್ದರು. ಬನ್ನಣ್ಣ ಬಾಗಿಲ ಬಳಿ ಬಂದದ್ದೇ ತಡ, ಹಿಂದಿನ ಸಾಲಿನಿಂದ ಯಾರೋ "ಬನ್ನಿ, ಬನ್ನಿ!" ಎಂದು ಕೂಗಿದರು. ಹಾಲ್ ಕಿಲಕಿಲ ಎಂದಿತು. ಅವನು ಕೇಳಿಸದವನಂತೆ ನಿಂತ. ತನ್ನ ಮಾತು ಹೇಳಿದ. ಬಾಗಿಲಿಗೆ ಭುಜ ಕೊಟ್ಟ. ಅರ್ಧ ದೂಡಿ ನಿಲ್ಲಿಸಿ, ಕೋಟೆಯೊಳಗಿನ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಯಾರೂ ಇಲ್ಲ. ಇನ್ನೊಮ್ಮೆ ನೋಡಿದ. ಪಕ್ಕದಲ್ಲಿ ಮೇಷ್ಟ್ರು ಕೈ ಆಡಿಸಿದರು, ಅವನು ಅಲುಗಲಿಲ್ಲ. ನಗು ಮೆಲ್ಲಗೆ ಅಡಗಿತು. ಈಗ ಹಾಲಿನಲ್ಲಿದ್ದ ಅಷ್ಟೂ ಜನ ಅವನ ಜೊತೆ ಆ ಖಾಲಿ ದಾರಿಯನ್ನು ನೋಡುತ್ತಿದ್ದರು. ಮಗುವೊಂದು ಅಮ್ಮನ ತೊಡೆಯ ಮೇಲಿನಿಂದ, "ಬೇಗ ಬಾ ಅಕ್ಕಾ" ಎಂದಿತು.

ಬನ್ನಣ್ಣ ಬಾಗಿಲು ಹಾಕಿದ. ದಢಾರೆಂದು ಅಲ್ಲ, ಮಲಗಿದ ಮಗುವಿನ ಕೋಣೆಯ ಬಾಗಿಲು ಹಾಕುವ ಹಾಗೆ. ಅಗಳಿ ಬಿದ್ದ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಆಮೇಲೆ ಓಡಿಬರುವ ಹೆಜ್ಜೆ, ಕೂಗು, ಹಲಗೆಯ ಮೇಲೆ ಎರಡು ಕೈಗಳ ಬಡಿತ. ಅವನು ಪರದೆಯ ಮರೆಗೆ ಹೋಗಬೇಕಿತ್ತು, ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ನೆಲ ನೋಡುತ್ತ, ನಾಟಕ ಮುಗಿಯುವವರೆಗೆ ಅಲ್ಲೇ ನಿಂತ. ಮೊಬೈಲ್ ರಿಪೇರಿಯವನು ಆ ಸಲ ಎಷ್ಟು ಚೆನ್ನಾಗಿ ಸತ್ತನೆಂದು ಹೊಗಳುವವರೇ ಇರಲಿಲ್ಲ, ಪಾಪ. ಎಲ್ಲರ ಕಣ್ಣೂ ಆ ದಪ್ಪ ಕಾವಲುಗಾರನ ಮೇಲಿತ್ತು. ಮೊದಲ ಸಾಲಿನಲ್ಲಿ ಗುಂಡಿ ಅಜ್ಜಿ ಕರ್ಚೀಫು ಸಾಲದೆ ಸೆರಗಿಗೆ ಮೂಗು ಒರೆಸಿಕೊಳ್ಳುತ್ತಿದ್ದಳು.

ನಾಟಕ ಮುಗಿಸಿ ಗಂಡ ಹೆಂಡತಿ ಮನೆಗೆ ನಡೆದರು. ಅವನ ಕೆನ್ನೆಯ ಮೇಲೆ ಬಣ್ಣ ಇನ್ನೂ ಇತ್ತು, ಅಂಟಿಸಿದ ಮೀಸೆಯ ಒಂದು ತುದಿ ಗಾಳಿಗೆ ಎದ್ದಿತ್ತು.

"ಯಾಕೆ ಅಷ್ಟು ಹೊತ್ತು ನೋಡ್ತಾ ನಿಂತಿರಿ?" ಎಂದಳು ಹೆಂಡತಿ.

"ಯಾರಾದರೂ ಬರ್ತಾರೇನೋ ಅಂತ."

"ಅವಳು ತಡವಾಗಿಯೇ ಬರೋದು ಅಂತ ನಿಮಗೆ ಗೊತ್ತಿರಲಿಲ್ವಾ? ನೀವೇ ಹೇಳಿ ಮಾಡಿಸಿದ್ದು."

"ನನಗೆ ಗೊತ್ತಿತ್ತು," ಎಂದ ಬನ್ನಣ್ಣ. "ಕಾವಲುಗಾರನಿಗೆ ಗೊತ್ತಿರಲಿಲ್ಲವಲ್ಲ."

ಹೆಂಡತಿ ನಿಂತು ಅವನ ಮುಖ ನೋಡಿದಳು. ಕೈಚಾಚಿ ಆ ಮೀಸೆಯನ್ನು ಚರ್ರನೆ ಕಿತ್ತಳು.

"ಅಯ್ಯೋ!" ಎಂದ ಅವನು.

"ನಡೀರಿ," ಎಂದಳು ಅವಳು, ಮೀಸೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡು. "ಅಂಗಡಿಗೆ ಮೊಟ್ಟೆ ತರೋವನು ಬರೋ ಹೊತ್ತಾಯ್ತು, ಬಾಗಿಲು ತೆಗೀಬೇಕು."